ತೊಳೆದಿಟ್ಟ ಲೋಟ

ನಮ್ಮ ಮನೆಯಲ್ಲಿ ಒಂದೇ ವರ್ಷ ಇಬ್ಬರಿಗೆ ಹಿಂದುಗಡೆಯಿಂದ ರಕ್ತ ಹೋಗಲು ಶುರುವಾಯಿತು. ಎಪ್ಪತ್ತೆರಡರ ಅಪ್ಪನಿಗೆ, ಮೂವತ್ತೇಳರ ನನಗೆ. ಒಬ್ಬರದು ಬರೀ ಮೂಲವ್ಯಾಧಿ, ಇನ್ನೊಬ್ಬರದು ಕ್ಯಾನ್ಸರು. ಯಾರದು ಯಾವುದು ಎಂದು ನಮ್ಮೂರು ಕಣಕಟ್ಟೆಯಲ್ಲಿ ಯಾರನ್ನು ಕೇಳಿದ್ದರೂ ತಪ್ಪನ್ನೇ ಹೇಳುತ್ತಿದ್ದರು. ನಾನೂ ಅಷ್ಟೆ.

ಅಪ್ಪನ ಕಾಯಿಲೆ ಮೊದಲ ದಿನದಿಂದಲೇ ಊರಿನ ಆಸ್ತಿ. ಟೀ ಅಂಗಡಿಯಲ್ಲಿ ಬನ್ ತಿನ್ನುತ್ತಿದ್ದವರ ಮುಂದೆ ಬಣ್ಣ, ಪ್ರಮಾಣ, ವೇಳೆ ಎಲ್ಲವನ್ನೂ ವಿವರಿಸಿದ. ಕೇಳಿದವರಲ್ಲಿ ಒಬ್ಬರು ಬಾಣಾವರದ ನಾಟಿ ವೈದ್ಯರ ಪುಡಿ ಹೇಳಿದರು. ಮಾರನೆಯ ದಿನವೇ ಡಬ್ಬಿ ಬಂತು. ಬೆಳಗ್ಗೆ ಬರಿಹೊಟ್ಟೆಯಲ್ಲಿ ಒಂದು ಚಮಚ, ಮಜ್ಜಿಗೆಯಲ್ಲಿ.

ನನ್ನದು ಮಾತ್ರ ಪರಮ ಗುಟ್ಟು. ಮುದುಕರ ಕಾಯಿಲೆ ನನಗೆ ಬಂದಿದೆ ಎಂದು ಹೇಳಿಕೊಳ್ಳಲು ನಾಚಿಕೆ. ನಾನು ಅರಸೀಕೆರೆಯಿಂದ ಬೇಲೂರಿಗೆ ಬಸ್ಸು ಓಡಿಸುವವನು. ಮಗ್ಗುಲಲ್ಲೇ ಇಂಜಿನ್ನು ಕಾಯುತ್ತಿರುತ್ತದೆ. ಇದೆಲ್ಲ ಉಷ್ಣ ಎಂದು ನಾನೇ ತೀರ್ಪು ಕೊಟ್ಟುಕೊಂಡು ಎಳನೀರು ಕುಡಿದೆ, ಮೆಂತ್ಯ ನುಂಗಿದೆ. ಬೆಲ್ಟಿಗೆ ಎರಡು ಹೊಸ ತೂತು ಹಾಕಿಸಬೇಕಾಯಿತು. ಹೊಟ್ಟೆ ಕರಗಿತಲ್ಲ ಎಂದು ಕಂಡಕ್ಟರು ಹೊಗಳಿದಾಗ ಎದೆಯುಬ್ಬಿಸಿದೆ, ಮೂರ್ಖ. ಬೇಲೂರು ಹಳೇಬೀಡು ನೋಡಲು ಬರುವವರಿಗೆ ಕಂಬಗಳ ಲೆಕ್ಕ ಗೊತ್ತಾದರೆ ನನಗೆ ಆ ದಾರಿಯ ಶೌಚಾಲಯಗಳ ಲೆಕ್ಕ ಬಾಯಿಪಾಠವಾಗಿತ್ತು. ಹಳೇಬೀಡಿನಲ್ಲಿ ಪ್ರಯಾಣಿಕರಿಗಿಂತ ಮೊದಲು ನಾನೇ ಇಳಿದು ಓಡುತ್ತಿದ್ದೆ.

ಕೊನೆಗೆ ಅಪ್ಪನ ಡಬ್ಬಿಗೇ ಕೈ ಹಾಕಿದೆ. ಮನೆಯವರು ಏಳುವ ಮೊದಲು ಒಂದು ಚಮಚ ಮಜ್ಜಿಗೆಗೆ ಹಾಕಿ ಕುಡಿದು, ಗುರುತು ಸಿಗದಂತೆ ಲೋಟ ತೊಳೆದಿಟ್ಟು ಡ್ಯೂಟಿಗೆ ಹೋಗುತ್ತಿದ್ದೆ. ಎರಡು ತಿಂಗಳ ಪುಡಿ ಒಂದೇ ತಿಂಗಳಿಗೆ ಖಾಲಿಯಾಯಿತು. ಇಲಿ ತಿಂದಿದೆ ಎಂದು ಅಪ್ಪ ಬೋನು ತಂದಿಟ್ಟ.

ನನ್ನ ಹೆಂಡತಿ ಬೋನನ್ನೂ ನೋಡಿದಳು, ನನ್ನನ್ನೂ ನೋಡಿದಳು.

"ಇಲಿ ಲೋಟ ತೊಳ್ದು ಬೋರಲು ಹಾಕಕ್ಕಿಲ್ಲ ಮಾವ," ಎಂದಳು. "ಹನ್ನೊಂದು ವರ್ಷದಿಂದ ಒಂದು ಲೋಟ ತೊಳೀದೆ ಇರೋರು ಈಗ ದಿನಾ ತೊಳೀತಾವ್ರೆ. ಏನಾಗೈತೆ ಅಂತ ಕೇಳಿ ಮೊದ್ಲು."

ಎಲ್ಲ ಒಪ್ಪಿಕೊಂಡೆ. ಎಷ್ಟು ದಿನದಿಂದ ಎಂದು ಕೇಳಿದಳು. ಏಳು ತಿಂಗಳು ಎಂದಾಗ ಅವಳು ಬೈಯಲಿಲ್ಲ. ಅವಳು ಬೈಯದಿದ್ದುದಕ್ಕೇ ನನಗೆ ಮೊದಲ ಸಲ ಹೆದರಿಕೆಯಾಯಿತು.

ಅರಸೀಕೆರೆಯ ಡಾಕ್ಟರಮ್ಮನ ಮುಂದೆ ಅಪ್ಪ ಟೀ ಅಂಗಡಿಯ ಭಾಷಣವನ್ನೇ ಮಾಡಿದ. ಆಕೆ ಅಷ್ಟನ್ನೂ ಕೇಳಿ, ನನ್ನ ಕಡೆ ತಿರುಗಿ ನಾಲ್ಕೇ ಪ್ರಶ್ನೆ ಕೇಳಿದರು. ಆಮೇಲೆ ಬೆಲ್ಟು ನೋಡಿದರು. ವಯಸ್ಸಾದವರು ಹೆದರಿ ಬೇಗ ಬರುತ್ತಾರೆ, ನಿಮ್ಮ ವಯಸ್ಸಿನವರು ಉಷ್ಣ, ಮೂಲವ್ಯಾಧಿ ಅಂದುಕೊಂಡು ಕೂತು ತಡಮಾಡುತ್ತೀರಿ, ಈ ಕಾಯಿಲೆ ಈಗ ವಯಸ್ಸು ಕೇಳಿಕೊಂಡು ಬರುತ್ತಿಲ್ಲ ಎಂದರು. ಹಾಸನಕ್ಕೆ ಹೋಗಿ ಇಬ್ಬರೂ ಕರುಳಿಗೆ ಕ್ಯಾಮೆರಾ ಬಿಡಿಸಿಕೊಳ್ಳಿ ಎಂದು ಚೀಟಿ ಬರೆದರು.

ಪರೀಕ್ಷೆಯ ಹಿಂದಿನ ದಿನ ಹೊಟ್ಟೆ ತೊಳೆಯುವ ಔಷಧಿಯನ್ನು ಲೀಟರುಗಟ್ಟಲೆ ಕುಡಿಯಬೇಕು. ಕುಡಿಯುವವರು ಇಬ್ಬರು, ಮನೆಯಲ್ಲಿ ಕಕ್ಕಸು ಒಂದು. ಅಪ್ಪ ಮೊದಲ ಲೋಟ ಮುಗಿಸಿದವನೇ ಹೋಗಿ ಅದರ ಬಾಗಿಲ ಮೇಲೆ ತನ್ನ ಟವೆಲ್ ಹಾಕಿದ. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರನ್ನು ನಾನು ದಿನಾ ನೋಡುತ್ತೇನೆ, ಅವರ ಜೊತೆ ವಾದ ಮಾಡಿ ಯಾರೂ ಗೆದ್ದದ್ದಿಲ್ಲ. ಮಧ್ಯಾಹ್ನದವರೆಗೂ ಆ ಟವೆಲಿನದೇ ದರ್ಬಾರು. ನಾನು ಹೊರಗೆ ಗೋಡೆ ಹಿಡಿದು ಕುಣಿಯುತ್ತಿದ್ದರೆ, ನನ್ನ ಹೆಂಡತಿ ಅಡುಗೆಮನೆಯಲ್ಲಿ ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು. ಒಂದು ಸಲ ಅಪ್ಪ ಹೊರಗೆ ಬಂದಾಗ ನಾನು ಹೊಟ್ಟೆ ಹಿಡಿದು ನೆಲಕ್ಕೆ ಕೂತಿದ್ದೆ. ಅವನು ನನ್ನನ್ನು ಸ್ವಲ್ಪ ಹೊತ್ತು ನೋಡಿದ. ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡು, ಚೊಂಬು ಹಿಡಿದು ತೆಂಗಿನ ತೋಟಕ್ಕೆ ಹೊರಟ. ಆಮೇಲೆ ಆ ಬಾಗಿಲ ಹತ್ತಿರ ಸುಳಿಯಲಿಲ್ಲ.

ಹಾಸನದಲ್ಲಿ ಅಪ್ಪನಿಗೆ ಮೂಲವ್ಯಾಧಿ ಎಂದರು. ನನ್ನಲ್ಲಿ ಗಡ್ಡೆ ಕಂಡಿದೆ, ಚೂರು ತೆಗೆದು ಕಳಿಸಿದ್ದೇವೆ ಎಂದರು. ವಾರ ಬಿಟ್ಟು ರಿಪೋರ್ಟು ಹಿಡಿದು ಡಾಕ್ಟರು ಕ್ಯಾನ್ಸರ್ ಎಂದಾಗ ನನ್ನ ಕೈಕಾಲು ತಣ್ಣಗಾದವು. ಮಗಳಿಗೆ ಆಗ ಎಂಟು ವರ್ಷ. ಅವಳ ಮುಖ ಬಿಟ್ಟು ಬೇರೇನೂ ಕಾಣಲಿಲ್ಲ.

ಅಪ್ಪ ಎದ್ದು ನಿಂತ. ತಪ್ಪು ಟಿಕೆಟ್ ಕೊಟ್ಟ ಕಂಡಕ್ಟರಿಗೆ ತಿಳಿಸಿ ಹೇಳುವಂತೆ ನಿಧಾನವಾಗಿ ಹೇಳಿದ.

"ಸಾಮಿ, ಅದಲುಬದಲಾಗೈತೆ. ಅವತ್ತು ಇಬ್ರಿಗೂ ಒಂದೇ ತರ ಹಸಿರಂಗಿ ಹಾಕಿ ಮಲಗಿಸಿದ್ರಿ. ಇದು ನಂದು. ಅವನಿನ್ನೂ ಹುಡುಗ."

ಡಾಕ್ಟರು ಹೆಸರು ತೋರಿಸಿದರು, ವಯಸ್ಸು ತೋರಿಸಿದರು. ಅಪ್ಪ ಒಪ್ಪಲಿಲ್ಲ. ಇನ್ನೊಂದು ಸಲ ನೋಡಿ ಎಂದು ಅದನ್ನೇ ಹೇಳಿದ. ಕೊನೆಗೆ ನಾನೇ ಕೈಹಿಡಿದು ಕೂರಿಸಬೇಕಾಯಿತು. ಅವನ ಕೈ ನನ್ನದಕ್ಕಿಂತ ತಣ್ಣಗಿತ್ತು.

ಆಪರೇಷನ್ ಆಯಿತು, ಆರು ತಿಂಗಳು ಕೀಮೋ ಆಯಿತು. ತಡಮಾಡಿದ್ದೆ, ಆದರೆ ಕೈಮೀರುವಷ್ಟಲ್ಲ. ಈಗ ಮತ್ತೆ ಬೇಲೂರಿಗೆ ಬಸ್ಸು ಓಡಿಸುತ್ತೇನೆ. ಬೆಲ್ಟು ಹಳೆಯ ತೂತಿಗೆ ಬಂದಿದೆ. ಅಪ್ಪ ಟೀ ಅಂಗಡಿಯಲ್ಲಿ ಈಗ ನನ್ನ ಕರುಳಿನ ವರದಿ ಕೊಡುತ್ತಾನೆ. ಆರಂಭದಲ್ಲಿ ಸಂಕೋಚವಾಗುತ್ತಿತ್ತು. ಆದರೆ ಅದನ್ನು ಕೇಳಿದ ನನ್ನ ವಯಸ್ಸಿನ ಇಬ್ಬರು ಡಾಕ್ಟರಮ್ಮನ ಹತ್ತಿರ ಹೋಗಿಬಂದರು ಎಂದು ತಿಳಿದ ಮೇಲೆ ಸುಮ್ಮನಾದೆ.

ಮೊನ್ನೆ ವರ್ಷದ ಪರೀಕ್ಷೆಗೆ ಹಾಸನಕ್ಕೆ ಹೋದಾಗ ಅಪ್ಪನೂ ಬಂದಿದ್ದ. ಎಲ್ಲ ಸರಿಯಾಗಿದೆ, ಏನೂ ಉಳಿದಿಲ್ಲ ಎಂದು ಡಾಕ್ಟರು ರಿಪೋರ್ಟು ಕೊಟ್ಟರು. ಅಪ್ಪ ಅದನ್ನು ಕಸಿದುಕೊಂಡು, ಕಣ್ಣಿನ ಹತ್ತಿರ ಹಿಡಿದು, ಮತ್ತೆ ಅವರ ಮೇಜಿನ ಮೇಲೆ ಇಟ್ಟ.

"ಹೆಸರು ಓದಿ ಸಾಮಿ," ಎಂದ. "ಈ ಸಲ ಅದಲುಬದಲಾಗಿಲ್ಲ ತಾನೆ?"

ಡಾಕ್ಟರು ನನ್ನ ಹೆಸರನ್ನು ಗಟ್ಟಿಯಾಗಿ ಓದಿದರು. ಅಪ್ಪ ಇನ್ನೊಂದು ಸಲ ಓದಿಸಿ, ಆಮೇಲೆ ಕೂತ.