ಶನಿವಾರದ ನಗು

ಬೀದಿಯವರೆಲ್ಲ ಅವಳನ್ನು ಹಲ್ಲಮ್ಮ ಎಂದೇ ಕರೆಯುತ್ತಿದ್ದರು. ಅವಳ ಹಲ್ಲಿಗೇನೂ ಆಗಿರಲಿಲ್ಲ, ಚೆನ್ನಾಗಿಯೇ ಇದ್ದವು. ದಂತವೈದ್ಯರ ಕ್ಲಿನಿಕ್ಕಿನ ಹಿಂದಿನ ಲ್ಯಾಬಿನಲ್ಲಿ ಹಲ್ಲಿನ ಸೆಟ್ಟು ಮಾಡುವುದು ಅವಳ ಕೆಲಸ. ಪ್ಲಾಸ್ಟರಿನ ಅಚ್ಚು ತೆಗೆದು, ಗುಲಾಬಿ ಬಣ್ಣದ ಮೇಣ ಕರಗಿಸಿ, ಒಂದೊಂದೇ ಹಲ್ಲು ಕೂರಿಸಿ, ಕೊನೆಗೆ ಉಜ್ಜಿ ಹೊಳಪು ಕೊಟ್ಟಳೆಂದರೆ ಎಂಥ ಬೊಚ್ಚುಬಾಯಿಯೂ ಮದುವಣಗಿತ್ತಿಯ ಹಾಗೆ ನಗಬೇಕು. ಊರಿನ ಅರ್ಧ ಮುದುಕರು ನಗುವುದು ನನ್ನ ಕೈಗುಣದಿಂದಲೇ ಎಂದು ಅವಳಿಗೆ ಜಂಬ. ಇರಲಿ ಬಿಡಿ, ಅಷ್ಟು ದುಡಿಯುವವಳು ಸ್ವಲ್ಪ ಜಂಬಪಟ್ಟರೆ ಯಾರಪ್ಪನ ಗಂಟು ಹೋಗುತ್ತದೆ?

ಅವಳ ಇನ್ನೊಂದು ಜಂಬ ಅವಳ ಅತ್ತೆ. ಆಕೆ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಜಪಾನೀ ಸಾಹಿತ್ಯವೆಂದರೆ ಪ್ರಾಣ. ಆ ಭಾಷೆಯ ಒಂದಕ್ಷರವೂ ಬಾರದು, ಓದುವುದೆಲ್ಲ ಇಂಗ್ಲಿಷ್ ಅನುವಾದದಲ್ಲೇ. ಕೋಣೆಯ ಒಂದಿಡೀ ಗೋಡೆಗೆ ಆ ಪುಸ್ತಕಗಳನ್ನು ಹಳೆಯದರಿಂದ ಹೊಸದಕ್ಕೆ ಸಾಲಾಗಿ ಜೋಡಿಸಿಟ್ಟಿದ್ದರು. ಕಿಟಕಿಯ ಬದಿಗೆ ಸಾವಿರ ವರ್ಷದ ಹಿಂದೆ ಅರಮನೆಯ ಹೆಂಗಸರು ಬರೆದದ್ದು, ಆಮೇಲೆ ಕತ್ತಿ ಕುದುರೆಗಳ ಕಥೆ, ಕಾಡಿನಲ್ಲಿ ಗುಡಿಸಲು ಹಾಕಿಕೊಂಡು ಕೂತ ಸನ್ಯಾಸಿಗಳ ಬರಹ, ಮೂರೇ ಸಾಲಿನ ಹಾಯ್ಕು ಪದ್ಯಗಳು, ಪೇಟೆ ವರ್ತಕರ ಕಿತಾಪತಿಗಳು. ಬಾಗಿಲ ಬದಿಗೆ ಬಂದರೆ ಈಚಿನ ಕಾದಂಬರಿಗಳು. ನಿವೃತ್ತಿಯಾದ ಮೇಲೆ ಕಿಟಕಿಯಿಂದ ಬಾಗಿಲಿನವರೆಗೆ ಒಂದನ್ನೂ ಬಿಡದೆ ಓದಬೇಕು ಅಂದುಕೊಂಡಿದ್ದರು. ಅಷ್ಟರಲ್ಲಿ ಕಣ್ಣು ಕೈಕೊಟ್ಟಿತು. ಎದುರಿಗೆ ಕೂತವರ ಮುಖವಿರಬೇಕಾದ ಕಡೆ ಬರೀ ಮಬ್ಬು, ಅಂಚಿನಲ್ಲಿ ಮಾತ್ರ ಒಂದಿಷ್ಟು ಕಿವಿ, ಕೂದಲು.

ಆಗ ಓದಿ ಹೇಳಲು ಮುಂದೆ ಬಂದವಳು ಹಲ್ಲಮ್ಮ. ಅವಳ ಇಂಗ್ಲಿಷೋ, ದೇವರಿಗೇ ಪ್ರೀತಿ. ಮೊದಲನೆಯ ದಿನ ಒಂದು ಪುಟಕ್ಕೆ ಒಂದು ಸಂಜೆ ಹಿಡಿಯಿತು. ಅತ್ತೆ ಬೈಯಲಿಲ್ಲ, ಒಂದೊಂದು ಮಾತನ್ನೂ ತಿದ್ದಿ ತಿದ್ದಿ ಓದಿಸಿದರು. ಹಾಗೆ ಆರು ವರ್ಷ ಲ್ಯಾಬಿನಿಂದ ಬಂದವಳು ಕೈಯ ಪ್ಲಾಸ್ಟರ್ ತೊಳೆದುಕೊಂಡು ಅತ್ತೆಯ ಪಕ್ಕದ ಕುರ್ಚಿಗೆ ಹೋಗುತ್ತಿದ್ದಳು. ರಾಣಿವಾಸದ ಹೆಂಗಸರು ಚಂದ್ರನನ್ನು ನೋಡಿ ಅಳುವುದನ್ನೂ, ಕಣ್ಣೀರಿಗೆ ಅಂಗಿಯ ತೋಳು ತೋಯುವುದನ್ನೂ ಓದಿ ಓದಿ ಅವಳಿಗೆ ಸಾಕಾಗಿತ್ತು.

"ಇವರಿಗೆ ಅಳೋದು ಬಿಟ್ಟು ಬೇರೆ ಕೆಲಸ ಇರ್ಲಿಲ್ವಾ ಅತ್ತೆ? ಆ ತೋಳೆಲ್ಲ ಒಗೆದು ಒಣಗಿಸ್ತಿದ್ದವರು ಯಾರು? ಬೇರೆ ಪುಸ್ತಕಕ್ಕೆ ಹೋಗೋಣ."

"ಸಾಲು ತಪ್ಪಿಸಬಾರದು. ಅಜ್ಜಿನ ಮಾತಾಡಿಸದೆ ಮೊಮ್ಮಗಳ ಹತ್ರ ಹೋಗ್ತೀಯಾ? ಓದು."

ಓದಿದಳು. ಅತ್ತೆ ಅವಳೇ ಮಾಡಿಕೊಟ್ಟ ಸೆಟ್ಟು ತೆಗೆದು ನೀರಿನ ಲೋಟಕ್ಕೆ ಹಾಕಿ, ಬಾಯಿ ಒಳಗೆ ಮಾಡಿಕೊಂಡು, ಮಾತಿಲ್ಲದೆ ಕೇಳುತ್ತಿದ್ದರು. ಕೆಲವು ಸಲ ನಿದ್ದೆ ಹೋಗಿದ್ದಾರೋ ಏನೋ ಎಂದು ಅನುಮಾನ ಬರುವಷ್ಟು ಸುಮ್ಮನೆ. ಆದರೂ ಆ ಕುರ್ಚಿ ತನ್ನದು, ಮನೆಯಲ್ಲಿ ಬೇರೆ ಯಾರದೂ ಅಲ್ಲ ಎಂಬುದೇ ಹಲ್ಲಮ್ಮನಿಗೆ ಸಾಕಿತ್ತು.

ಹೀಗಿರುವಾಗ ಮೈದುನನಿಗೆ ಮದುವೆಯಾಗಿ ಚಿಕ್ಕ ಸೊಸೆ ಬಂದಳು. ರೈಲು ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಯಾವ ಗಾಡಿ ಯಾವ ಪ್ಲಾಟ್‌ಫಾರ್ಮಿಗೆ ಎಂದು ಹೇಳುವವಳು. ಆ ಕಂಠವನ್ನು ಏನೆಂದು ಹೇಳಲಿ! ಗಾಡಿ ತಡವೆಂದು ಅವಳು ಹೇಳಿದರೆ ಜನ ಸಿಟ್ಟಾಗುವುದರ ಬದಲು ಇನ್ನೊಮ್ಮೆ ಹೇಳಲಿ ಅಂದುಕೊಳ್ಳಬೇಕು. ಇಂಗ್ಲಿಷ್ ನೀರು ಕುಡಿದಷ್ಟು ಸಲೀಸು. "ಅಕ್ಕಾ, ಶನಿವಾರ ನನಗೆ ರಜೆ. ಆವತ್ತೊಂದಿನ ನಾನು ಓದ್ಲಾ?" ಎಂದು ಕೇಳಿದಳು. ಬೇಡವೆನ್ನಲು ಬಾಯಿ ಬರಲಿಲ್ಲ. "ಓದಮ್ಮ, ನಂಗೂ ಕೈಬಿಡುವಾಗುತ್ತೆ" ಎಂದು ಹಲ್ಲಮ್ಮ ಹಲ್ಲು ಬಿಟ್ಟಳು.

ಆ ಹುಡುಗಿ ಒಳಗೆ ಹೋದವಳೇ ಬಾಗಿಲ ಬದಿಯ ಹೊಸ ಕಾದಂಬರಿಯೊಂದಕ್ಕೆ ಕೈ ಹಾಕಿದಳು. ಅತ್ತೆ ಏನಾದರೂ ಅಂದರೇ? ಊಹೂಂ. ತನ್ನನ್ನು ಆರು ವರ್ಷ ಸಾಲಿನಲ್ಲಿ ನಡೆಸಿದ ಅದೇ ಅತ್ತೆ, ಅವಳನ್ನು ಒಂದೇ ನೆಗೆತಕ್ಕೆ ಸಾವಿರ ವರ್ಷ ದಾಟಿಸಿಬಿಟ್ಟರು! ಅಷ್ಟೇ ಅಲ್ಲ, ಶನಿವಾರ ಅತ್ತೆ ತಲೆ ಬಾಚಿ, ಸೆಟ್ಟು ಹಾಕಿಕೊಂಡು ತಯಾರಾಗಿ ಕೂರತೊಡಗಿದರು. ಕೋಣೆಯಿಂದ ಕಿಲಕಿಲ ನಗು. ಅಡುಗೆಮನೆಯಲ್ಲಿದ್ದ ಹಲ್ಲಮ್ಮನ ಹೊಟ್ಟೆಗೆ ಬೆಂಕಿ ಬಿತ್ತು.

"ನಾನು ರಾತ್ರಿ ಹಗಲು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮಾಡಿಕೊಟ್ಟ ಹಲ್ಲಲ್ಲಿ ಅವಳ ಮುಂದೆ ನಗ್ತಾರೆ ನೋಡಿ!" ಎಂದು ಗಂಡನ ಮೇಲೆ ಹರಿಹಾಯ್ದಳು.

"ಹಲ್ಲು ನಿಂದು, ನಗು ಅವರದು. ನಂಗ್ಯಾಕೆ ಬೈತೀಯ?" ಎಂದ ಪುಣ್ಯಾತ್ಮ ಸ್ನಾನಕ್ಕೆ ಎದ್ದು ಹೋದ.

ಹೊಟ್ಟೆಕಿಚ್ಚಿಗೆ ಮದ್ದಿಲ್ಲ ಸ್ವಾಮಿ. ಇವತ್ತು ಶನಿವಾರ ಹೋಯಿತು, ನಾಳೆ ಭಾನುವಾರ ಹೋದೀತು, ಆಮೇಲೆ ಇಡೀ ಕುರ್ಚಿಯೇ ಹೋದೀತು ಎಂದು ಅವಳಿಗೆ ಲ್ಯಾಬಿನಲ್ಲೂ ಅದೇ ಚಿಂತೆ. ಮೇಣ ಹೆಚ್ಚು ಕಾಯಿಸಿ ಒಬ್ಬ ವಕೀಲರ ದವಡೆ ಕೆಡಿಸಿದಳು. ಕೊನೆಗೆ ಒಂದು ಗುರುವಾರ ಅರ್ಧ ದಿನ ರಜೆ ಹಾಕಿ ಬಂದು, ಆ ಹುಡುಗಿ ಕಾಗದದ ಗುರುತು ಇಟ್ಟಿದ್ದ ಕಾದಂಬರಿಯನ್ನೇ ಎತ್ತಿಕೊಂಡು ಓದತೊಡಗಿದಳು.

"ಅದು ಅವಳದ್ದಲ್ವೇನೇ?" ಎಂದರು ಅತ್ತೆ.

"ಅವಳ ಶಿಫ್ಟ್ ಬದಲಾಗಿದೆಯಂತೆ. ನೀನೇ ಮುಗಿಸಿಬಿಡಕ್ಕ ಅಂದ್ಳು."

ಹಸಿ ಸುಳ್ಳು. ಅತ್ತೆ ಸೆಟ್ಟು ತೆಗೆದು ಲೋಟಕ್ಕೆ ಹಾಕಿದರು. ಸಾರ್ವಜನಿಕ ಸ್ನಾನದ ಮನೆ ನಡೆಸುವ ಮುದುಕನೊಬ್ಬ ತಾನು ಸತ್ತೆನೆಂದು ತಾನೇ ಸುದ್ದಿ ಹಬ್ಬಿಸಿ, ಯಾರ್ಯಾರು ಅಳುತ್ತಾರೆಂದು ಬೀರುವಿನೊಳಗೆ ಕೂತು ನೋಡುವ ಕಥೆ ಅದು. ಮೊದಲು ಬಂದ ನೆರೆಯವನು ಕೈಯಲ್ಲಿ ಟವೆಲ್ಲು ಹಿಡಿದು, "ಹಾಗಾದ್ರೆ ನಾಳೆ ನೀರು ಕಾಯಿಸೋರು ಯಾರು?" ಎಂದು ಕೇಳುತ್ತಾನೆ. ಬೀರುವಿನೊಳಗಿಂದ, "ನಾನು ಸತ್ತಿದ್ದೀನಯ್ಯಾ, ಸ್ವಲ್ಪ ಅಳು!" ಎಂದು ಕೂಗು ಬರುತ್ತದೆ. ಹಲ್ಲಮ್ಮನಿಗೇ ನಗು ತಡೆಯಲಾಗಲಿಲ್ಲ. ಓದು ನಿಲ್ಲಿಸಿ ಆಸೆಯಿಂದ ಅತ್ತೆಯ ಮುಖ ನೋಡಿದಳು. ಅತ್ತೆ "ಹೂಂ, ಮುಂದೆ" ಎಂದರು, ಅಷ್ಟೇ. ಕತ್ತಲಾಗುವ ಹೊತ್ತಿಗೆ ಕೊನೆಯ ಪುಟವನ್ನೂ ಓದಿ ಮುಗಿಸಿ, ಗುರುತಿನ ಕಾಗದವನ್ನು ಎಲ್ಲಿತ್ತೋ ಅಲ್ಲಿಗೇ ಸಿಕ್ಕಿಸಿದಳು.

ಶನಿವಾರ ಬಂತು. ಚಿಕ್ಕ ಸೊಸೆಯ ಮುಖ ಪೆಚ್ಚಾಗುವುದನ್ನು ನೋಡಲು ಹಲ್ಲಮ್ಮ ಪಾತ್ರೆ ಒರೆಸುವ ಬಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ಕಿವಿಯಾಗಿ ನಿಂತಳು.

"ಎಲ್ಲಿಗೆ ಬಂದಿತ್ತಮ್ಮ ಕಥೆ?" ಅತ್ತೆಯ ದನಿ. "ಮುದುಕ ಬೀರುವಿನೊಳಗೆ ಹೋಗಿ ಕೂತಿದ್ದ, ಅಲ್ವಾ? ಮುಂದೇನಾಯ್ತೋ ಅಂತ ವಾರ ಎಲ್ಲ ಅದೇ ಯೋಚನೆ ನಂಗೆ."

ಹುಡುಗಿ ಓದಿದಳು. ನೆರೆಯವನು ಬಂದ. ನೀರು ಕಾಯಿಸೋರು ಯಾರು ಎಂದ. ಅತ್ತೆ ತೊಡೆ ತಟ್ಟಿಕೊಂಡು ನಕ್ಕರು. ಬೀರು ಕೂಗಿತು. "ಅಯ್ಯೋ ಸಾಕು ನಿಲ್ಸೇ, ಹೊಟ್ಟೆ ಹುಣ್ಣಾಗುತ್ತೆ!" ಎಂದು ಕೆಮ್ಮುವವರೆಗೆ ನಕ್ಕರು. ಹಲ್ಲಮ್ಮನಿಗೆ ಯಾರೋ ಕೆನ್ನೆಗೆ ಬಾರಿಸಿದ ಹಾಗಾಯಿತು.

ಭಾನುವಾರ ಹೇಗೋ ಕಳೆಯಿತು. ಸೋಮವಾರ ಸಂಜೆ ಕುರ್ಚಿಯಲ್ಲಿ ಕೂತವಳು ಪುಸ್ತಕ ತೆರೆಯಲೇ ಇಲ್ಲ.

"ಗುರುವಾರ ನಾನು ಓದಿದಾಗ ನಿಮಗೆ ನಗು ಬರ್ಲಿಲ್ಲ. ಅದೇ ಸಾಲು ಅವಳು ಓದಿದ್ರೆ ಬಂತು. ನನ್ನ ಬಾಯಲ್ಲೇನು ಮಣ್ಣಿತ್ತಾ ಅತ್ತೆ?"

"ಕೇಳಿಸ್ಕೊಂಡ್ಯಾ?" ಎಂದರು ಅತ್ತೆ. "ಶಿಫ್ಟು ಗಿಫ್ಟು ಎಲ್ಲ ಸುಳ್ಳು ಅಂತ ಗೊತ್ತಿತ್ತು ಕಣೇ ನಂಗೆ. ಆಸೆಯಿಂದ ಬಂದ ಹುಡುಗಿಗೆ, ನಿಮ್ಮಕ್ಕ ಕದ್ದು ಓದಿ ಮುಗಿಸಿದ್ಳು ಅಂತ ಹೇಳ್ಲಾ? ಅದಕ್ಕೇ ನಕ್ಕೆ."

ನಾಚಿಕೆಯಾಯಿತು, ಆಗದೆ ಏನು? ಆದರೆ ಆ ನಾಚಿಕೆಯನ್ನು ತಳ್ಳಿಕೊಂಡು ಹೊಟ್ಟೆಕಿಚ್ಚೇ ಮುಂದೆ ಬಂತು. ಆ ಹುಡುಗಿಯ ಮನಸ್ಸು ನೋಯದಿರಲೆಂದು ಅಷ್ಟೆಲ್ಲ ನಾಟಕ ಆಡಿದರಲ್ಲ! ಆರು ವರ್ಷದಲ್ಲಿ ತನಗಾಗಿ ಅಂಥದ್ದೊಂದು ನಾಟಕವನ್ನು ಯಾರಾದರೂ ಆಡಿದ್ದರೇ?

"ನಂಗೂ ಒಂದ್ಸಲ ಸುಳ್ಳುಸುಳ್ಳಾಗಾದ್ರೂ ನಗಬಹುದಿತ್ತು" ಎಂದಳು.

"ನಿನ್ನ ಹತ್ರಾನೂ ನಾಟಕ ಆಡ್ತಾ ಕೂತ್ರೆ ನಾನು ಸುಮ್ನೆ ಇರೋದು ಯಾರ ಹತ್ರ? ಅವಳು ಹೊಸಬಳು. ನಗದಿದ್ರೆ ಮುಂದಿನ ವಾರ ಬರಲ್ಲ. ನೀನು ಹಾಗಲ್ಲ. ನೀನು ಬಂದೇ ಬರ್ತೀಯ."

"ಬಂದೇ ಬರ್ತೀನಿ ಅಂತ ನಿಮಗೆ ಹೇಳಿದ್ದು ಯಾರು?"

ಅತ್ತೆ ತಟ್ಟನೆ ಅವಳ ಕಡೆ ತಿರುಗಿದರು. ಮಬ್ಬಿನ ಅಂಚಿನಲ್ಲಾದರೂ ಅವಳ ಮುಖ ಸಿಗಲೆಂದು ಕತ್ತನ್ನು ಅತ್ತ ಇತ್ತ ವಾಲಿಸಿದರು. ಸಿಕ್ಕಿತೋ ಇಲ್ಲವೋ.

"ಯಾರೂ ಹೇಳಿಲ್ಲ. ನಾನೇ ಹಾಗಂದ್ಕೊಂಡಿದ್ದೆ" ಎಂದರು.

ಇಂಗ್ಲಿಷ್ ಟೀಚರಮ್ಮನ ಆ ಗಟ್ಟಿ ದನಿ ಇಷ್ಟು ಸಣ್ಣದಾಗಿದ್ದನ್ನು ಹಲ್ಲಮ್ಮ ಎಂದೂ ಕೇಳಿರಲಿಲ್ಲ. ಪುಸ್ತಕ ತೆರೆದು, ಪುಟ ಹುಡುಕುತ್ತ, ತಲೆ ಎತ್ತದೆ ಹೇಳಿದಳು:

"ಶನಿವಾರ ನಗೋದಾದ್ರೆ ಸ್ವಲ್ಪ ಮೆಲ್ಲಗೆ ನಗಿ ಅತ್ತೆ. ಅಡುಗೆಮನೆಗೆ ಕೇಳುತ್ತೆ."