ಬರುವ ವೇಗ, ಹೋಗುವ ವೇಗ

ನಮ್ಮಕ್ಕನಿಗೆ ಹುಟ್ಟಿನಿಂದಲೇ ಕಿವಿ ಕೇಳುವುದಿಲ್ಲ, ಮಾತೂ ಇಲ್ಲ. ಓದು ಬರಹ ಕಲಿಸುವವರೂ ಸಿಗಲಿಲ್ಲ. ಅವ್ವ ಅವಳೊಂದಿಗೆ ಕಟ್ಟಿಕೊಂಡಿದ್ದ ಕೈಸನ್ನೆಯ ಭಾಷೆ ಬ್ಯಾಡಗಿಯ ನಮ್ಮ ಮನೆಯಾಚೆ ಯಾರಿಗೂ ತಿಳಿಯುತ್ತಿರಲಿಲ್ಲ. ಅದರಲ್ಲಿ ನಮ್ಮೂರಿನ ಹೆಸರೇ ಒಂದು ಸೀನು. ಬೆರಳನ್ನು ಮೂಗಿಗೆ ಒತ್ತಿ ಮುಖ ಹಿಂಡಿದರೆ ಬ್ಯಾಡಗಿ. ಮೆಣಸಿನಕಾಯಿ ಸುಗ್ಗಿಯಲ್ಲಿ ಊರಿಗೆ ಊರೇ ಸೀನುತ್ತದಲ್ಲ, ಅದಕ್ಕೆ. ಮೂಗಿನ ಮೇಲಿನ ಕೈಯನ್ನು ಎದೆಗೆ ಎಳೆದುಕೊಂಡರೆ 'ಊರಿಗೆ ಬಾ' ಎಂದು.

ಅಕ್ಕ ಮದುವೆಯಾಗಿ ಸೋಲಾಪುರಕ್ಕೆ ಹೋದ ಮೇಲೆ ಆ ಭಾಷೆ ವಿಡಿಯೊ ಕಾಲ್‌ನಲ್ಲಿ ಬದುಕಿತ್ತು. ಬೇರೆಯವರಿಗೆ ಚಿತ್ರ ನಿಂತರೂ ದನಿಯಾದರೂ ಬರುತ್ತದೆ. ಇವರಿಬ್ಬರಿಗೆ ಚಿತ್ರ ನಿಂತರೆ ಮಾತೇ ನಿಂತಂತೆ. ಅದಕ್ಕೆಂದೇ ನಾನು ಮನೆಗೆ ಹೊಸ ಇಂಟರ್ನೆಟ್ ಲೈನ್ ಹಾಕಿಸಿದೆ. ಲೈನ್ ಎಳೆದವನು ತನ್ನ ಮೊಬೈಲ್‌ನಲ್ಲಿ ಸ್ಪೀಡ್ ಟೆಸ್ಟ್ ಓಡಿಸಿದ. ಮುಳ್ಳು ಸರ್ರನೆ ಏರಿತು.

"ನೂರು ಬರಾಕತ್ತೈತ್ರಿ ಅಕ್ಕಾರ. ಇನ್ನೇನ್ ಬೇಕ್ರಿ?"

ನನಗೂ ಇನ್ನೇನೂ ಬೇಕೆನಿಸಲಿಲ್ಲ. ಅಕ್ಕನ ಮೂಗುತಿಯ ಹರಳು ಕೂಡ ಸ್ವಚ್ಛ ಕಾಣುತ್ತಿತ್ತು. ಅವಳಿಗೆ ನಾವು ಹೇಗೆ ಕಾಣುತ್ತೇವೆ ಎಂಬ ಯೋಚನೆ ಮನೆಯಲ್ಲಿ ಯಾರಿಗೂ ಬರಲಿಲ್ಲ.

ಸುಗ್ಗಿ ಶುರುವಾದಾಗ ಅವ್ವ ಹಾಸಿಗೆ ಹಿಡಿದಳು. ಒಂದು ಮುಂಜಾನೆ ದಿಂಬಿಗೆ ಒರಗಿ ಕೂತು, ಫೋನಿನ ಮುಂದೆ ಮೂಗು ಮುಟ್ಟಿ, ಕೈಯನ್ನು ಎದೆಗೆ ಎಳೆದುಕೊಂಡಳು. ಅಕ್ಕ ನಕ್ಕು ಜೋರಾಗಿ ತಲೆಯಾಡಿಸಿದಳು.

"ಬರ್ತಾಳಂತ ನೋಡ," ಎಂದು ಅವ್ವ ನನ್ನ ಕಡೆ ತಿರುಗಿದಳು.

ಅವತ್ತಿನಿಂದ ಅವಳ ಜೀವವೆಲ್ಲ ಬಾಗಿಲಲ್ಲಿ. ಓಣಿಯಲ್ಲಿ ಆಟೊ ನಿಂತರೆ ಸಾಕು, "ಬಂದ್ಲೇನ ನೋಡ ಹೋಗ" ಎನ್ನುವಳು. ಮತ್ತೆ ವಿಡಿಯೊ ಕಾಲ್ ಮಾಡಲೂ, ಭಾವನಿಗೆ ಫೋನ್ ಮಾಡಿ ಕೇಳಲೂ ಬಿಡಲಿಲ್ಲ. "ಆಕಿ ಹೂಂ ಅಂದಾಳ. ನನ್ನ ಮಗಳನ್ನ ಕರಿಯಾಕ ಅವನ್ನ ಯಾಕ ಕೇಳ್ಬೇಕು?" ಒಪ್ಪಿಕೊಂಡು ಹಾಯಾಗಿ ಕೂತಿದ್ದಾಳಲ್ಲ ಎಂದು ಅಕ್ಕನ ಮೇಲೆ ನನಗೆ ಮೈಯೆಲ್ಲ ಉರಿ. ಕೊನೆಗೆ ಅವ್ವ ಹಾವೇರಿಯ ಆಸ್ಪತ್ರೆಯಲ್ಲಿ ಒಮ್ಮೆಲೇ ತೀರಿಕೊಂಡಳು. ಅಕ್ಕ ಬಂದು ಮುಟ್ಟುವಷ್ಟರಲ್ಲಿ ಮಣ್ಣು ಮುಗಿದಿತ್ತು.

ಸಾವಿನ ಮನೆಯೆಂದು ಮಾತಾಡಿಸಿ ಹೋಗಲು ಲೈನಿನವನೂ ಬಂದಿದ್ದ. ಅಕ್ಕ ಅವ್ವನ ಕೊನೆಯ ಕಾಲ್ ಬಗ್ಗೆ ಆಗಷ್ಟೇ ಸನ್ನೆ ಮಾಡಿ ಹೇಳಿದ್ದಳು: ಫೋನಿನಲ್ಲಿ ಅವ್ವನ ಕೈ ಮೂಗಿನ ಮೇಲೆಯೇ ನಿಂತುಬಿಟ್ಟಿತ್ತು. ಊರಲ್ಲಿ ಸುಗ್ಗಿ ಬಂತು, ಎಲ್ಲರೂ ಸೀನುತ್ತಿದ್ದಾರೆ ಎನ್ನುತ್ತಿದ್ದಾಳೆಂದು ತಿಳಿದು ತಾನು ನಕ್ಕು ತಲೆಯಾಡಿಸಿದೆನೆಂದು. ಲೈನಿನವನಿಂದ ಮತ್ತೆ ಟೆಸ್ಟ್ ಓಡಿಸಿದೆ. ಅದೇ ನೂರು. ಅದರ ಪಕ್ಕದಲ್ಲಿ ಇನ್ನೊಂದು ಅಂಕಿ ಎರಡು ದಾಟಲಾರದೆ ತೆವಳುತ್ತಿತ್ತು.

"ಇದೇನಪಾ?"

"ಅದು ಇಲ್ಲಿಂದ ಆ ಕಡೆ ಹೋಗೂ ಸ್ಪೀಡ್ರಿ. ಅದನ್ನ ಯಾರೂ ಕೇಳೂದಿಲ್ರಿ."

ಆ ಟೆಸ್ಟ್ ತೋರಿಸುವುದೂ ಹುಬ್ಬಳ್ಳಿಯ ಯಾವುದೋ ಯಂತ್ರದವರೆಗಿನ ಲೆಕ್ಕವಂತೆ. ಸೋಲಾಪುರದ ದಾರಿಯ ಸುದ್ದಿ ಅದಕ್ಕೆ ಗೊತ್ತೇ ಇಲ್ಲ. ನಮಗೆ ಎಷ್ಟು ಬರುತ್ತದೆ ಎಂಬುದನ್ನೇ ನೋಡಿ ನಾವು ಹಿಗ್ಗಿದ್ದೆವು. ಅವನನ್ನು ಬೈಯಲು ಬಾಯಿ ತೆರೆದೆ, ಅಳು ಬಂತು.

ನಾನು ಅತ್ತದ್ದನ್ನು ಕಂಡ ಅಕ್ಕ ನನ್ನ ಭುಜ ಹಿಡಿದು ಅಲುಗಿಸಿದಳು. ಅವ್ವ ತನ್ನನ್ನು ಯಾಕೆ ಕರೆಯಲಿಲ್ಲ ಎಂದು ಸನ್ನೆಯಲ್ಲಿ ಕೇಳಿದಳು. ಮುಚ್ಚಿಡಲು ನನ್ನಿಂದಾಗಲಿಲ್ಲ. ಅವಳೆದುರು ಕೂತು ಮೂಗು ಮುಟ್ಟಿದೆ, ಕೈಯನ್ನು ನಿಧಾನಕ್ಕೆ ಎದೆಗೆ ಎಳೆದುಕೊಂಡೆ. ಅಕ್ಕ ನನ್ನ ಕೈ ಹಿಡಿದು ಮತ್ತೆ ಮೂಗಿನವರೆಗೆ ಒಯ್ದಳು, ಇನ್ನೊಮ್ಮೆ ಹೇಳು ಎಂದು. ಹೇಳಿದೆ. ಅವಳು ಹೂಂ ಎಂದು ತಲೆಯಾಡಿಸಿದಳು.