ಸಂಜೆ ಒಡೆಯುತ್ತಿದ್ದ ಹಾಲು

ಕಗ್ಗದಾಸಪುರದ ನಮ್ಮ ಪುಟ್ಟ ಮನೆಯಲ್ಲಿ ಆಗ ನಾವು ಮೂವರು: ನಾನು, ನನ್ನ ಹೆಂಡತಿ, ಅಮ್ಮ. ನಾವಿಬ್ಬರೂ ಕೆಲಸಕ್ಕೆ ಹೋದರೆ ಹಗಲೆಲ್ಲ ಅಮ್ಮ ಒಬ್ಬಳೇ. ಅಮ್ಮನ ಮಂಚದ ಪಕ್ಕದಲ್ಲೇ ಫ್ರಿಡ್ಜು. ಕೆಲವು ತಿಂಗಳಿಂದ ಅವಳಿಗೆ ಸದಾ ಸುಸ್ತು. ಡಾಕ್ಟರು ಏನೂ ಇಲ್ಲ ಎಂದಿದ್ದರು. ಬೇಸಿಗೆ ಬಂದಾಗ ಅಮ್ಮ ಯಾಕೋ ಗೆಲುವಾದಳು. ಆದರೆ ಸಂಜೆ ಕಾಫಿಗೆ ಕಾಯಿಸಿದ ಹಾಲು ದಿನಾ ಒಡೆಯತೊಡಗಿತು.

"ಹಳೇ ಪ್ಯಾಕೆಟ್ ತಳ್ತಿದ್ದಾನೆ ರೀ ಆ ಬೂತಿನವ್ನು" ಎಂದಳು ಹೆಂಡತಿ. ನನಗೂ ಅದೇ ಅನುಮಾನ. ಹಾಲಿನ ಬೂತಿನವನನ್ನು ಕೇಳಿಯೇಬಿಟ್ಟೆ.

"ಇಡೀ ಬೀದಿಗೆ ಇದೇ ಹಾಲು ಸಾರ್. ನಿಮ್ಮನೇಲಿ ಪಾತ್ರೆ ತೊಳೀತಾರಾ ನೋಡ್ಕೊಳ್ಳಿ!" ಎಂದ.

ಅಂದಿನಿಂದ ಪ್ಯಾಕೆಟ್ಟಿನ ಮೇಲಿನ ತಾರೀಖನ್ನು ನನ್ನ ಹೆಂಡತಿ ಅವನೆದುರಿಗೇ ಗಟ್ಟಿಯಾಗಿ ಓದತೊಡಗಿದಳು.

ಒಂದು ದಿನ ಮೈ ಬೆಚ್ಚಗಾಗಿ ಮಧ್ಯಾಹ್ನವೇ ಆಫೀಸಿನಿಂದ ಬಂದೆ. ಮನೆ ವಿಚಿತ್ರವಾಗಿ ಮೌನವಾಗಿತ್ತು. ಅಮ್ಮನಿಗೆ ಗಾಢ ನಿದ್ದೆ. ಫ್ರಿಡ್ಜಿನ ಸ್ವಿಚ್ಚು ಆಫ್ ಆಗಿತ್ತು.

ಎಚ್ಚರವಾದ ಅಮ್ಮ ಸಿಕ್ಕಿಬಿದ್ದವಳಂತೆ ನನ್ನನ್ನು ನೋಡಿದಳು. "ಅವಳಿಗೆ ಹೇಳ್ಬೇಡ ಕಣೋ. ಹಗಲೆಲ್ಲ ಗುಂಯ್ ಅಂತ ತಲೆ ಒಳಗೇ ಕೂತಿರುತ್ತೆ ಅದು. ನೀವು ಹೋದ್ಮೇಲೆ ಆರಿಸ್ತೀನಿ, ಬರೋಷ್ಟರಲ್ಲಿ ಹಾಕ್ತೀನಿ."

"ಮೊದ್ಲೇ ಹೇಳೋಕೇನಾಗಿತ್ತಮ್ಮ?"

"ಫ್ರಿಡ್ಜು ಸದ್ದು ಮಾಡುತ್ತೆ ಅಂತ ಯಾರಾದ್ರೂ ದೂರು ಹೇಳ್ತಾರೇನೋ?"

ಹೆಂಡತಿಗೆ ಹೇಳಲೇಬೇಕಾಯಿತು. ಆ ಭಾನುವಾರ ಇಬ್ಬರೂ ಸೇರಿ ಫ್ರಿಡ್ಜನ್ನು ಬಾಗಿಲ ಬಳಿಗೆ ತಳ್ಳಿದೆವು. ಸಂಜೆ ಹೆಂಡತಿ ಬೂತಿನವನದೇ ಹಾಲಿನಲ್ಲಿ ಕಾಫಿ ಮಾಡಿ ಅವನಿಗೆ ಒಯ್ದಳು. ಅವನು ಲೋಟ ತೆಗೆದುಕೊಂಡು, ಮೊದಲು ಮೂಸಿ ನೋಡಿ, ಆಮೇಲೆ ಕುಡಿದ.